ಕಿಂಡಿಯ ಆ ಕಡೆ, ಕಿಂಡಿಯ ಈ ಕಡೆ: ಲೈವ್ ವಿಡಿಯೋ ನಮ್ಮ ದುರ್ಗಕ್ಕೆ ಬಂದ ಕಥೆ

ಭಾಗ 1/8: ಕಿಂಡಿ

ಫೋಟೋದಲ್ಲಿರೋ ಜಾಗ ನಿಮಗೆಲ್ಲ ಗೊತ್ತೇ ಇದೆ. ಓಬವ್ವನ ಕಿಂಡಿ. ಟೂರಿಗೆ ಬಂದವರು ಇಲ್ಲಿ ಒಂದು ಸೆಲ್ಫಿ ತಗೊಂಡು ಮುಂದೆ ಹೋಗ್ತಾರೆ. ನಾವು ಇಲ್ಲಿಯವರಿಗೆ ಈ ಕಥೆ ಯಾರೂ ಹೇಳಿಕೊಡಬೇಕಿಲ್ಲ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಕೂತಿದ್ದಾನೆ. ಹೆಂಡತಿ ನೀರು ತರೋಕೆ ಹೋಗಿದ್ದಾಳೆ. ಬಂಡೆ ಸಂದಿಯಲ್ಲಿ ಪಿಸುಮಾತು. ಇಣುಕಿ ನೋಡಿದರೆ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿಕೊಂಡು ಬರ್ತಿದ್ದಾರೆ. ಮುಂದಿನದು ಒನಕೆಯ ಕೆಲಸ.

ಆದರೆ ಈ ಕಥೆಯಲ್ಲಿ ನಾವು ಅಷ್ಟಾಗಿ ಗಮನಿಸದ ಒಂದು ವಿಷಯ ಇದೆ. ಆ ಕಿಂಡಿ ರಾತ್ರೋರಾತ್ರಿ ಹುಟ್ಟಿದ್ದಲ್ಲ. ಮೊದಲಿಂದಲೂ ಅಲ್ಲೇ ಇತ್ತು. ಒಳಗಿನವರಿಗೆ ಅದು ಓಡಾಡೋಕೆ ಅನುಕೂಲವಾದ ಒಂದು ಸಂದಿ, ಅಷ್ಟೇ. ಅದನ್ನ ದಾರಿ ಅಂತ ಕಂಡವರು ಹೊರಗೆ ನಿಂತು ನೋಡ್ತಿದ್ದವರು.

ಈಗ ನಿಮ್ಮ ಕೈಯಲ್ಲಿರೋ ಫೋನನ್ನೇ ನೋಡಿ. ಸ್ಕ್ರೀನಿನ ಮೇಲ್ಗಡೆ ಮೆಂತ್ಯದ ಕಾಳಿನಷ್ಟು ಒಂದು ಕಪ್ಪು ಚುಕ್ಕಿ ಇದೆಯಲ್ಲ, ಅದೂ ಕಿಂಡೀನೇ. ಅದರಲ್ಲಿ ನಾವು ಹೊರಗೆ ಕಾಣ್ತೀವಿ, ಹೊರಗಿನವರು ಒಳಗೆ ಬರ್ತಾರೆ.

ಕಳೆದ ಸರಣಿಯಲ್ಲಿ ಮಾರಿಕಣಿವೆ ಬಗ್ಗೆ ಬರೆದಿದ್ದೆ. ಈ ಸಲ ಲೈವ್ ವಿಡಿಯೋ, ವೆಬ್‌ಕ್ಯಾಮ್ ಚಾಟ್‌ಗಳ ಇತಿಹಾಸ. "ಇದೂ ಒಂದು ಇತಿಹಾಸಾನಾ ಗುರು" ಅಂತ ನಗಬೇಡಿ. ನನಗೆ ಇದನ್ನ ಬರೆಯೋಕೆ ಒಂದು ಕಾರಣ ಇದೆ. ನನ್ನ ಒಬ್ಬ ಗೆಳೆಯನ ಕಾರಣ. ಅವನ ವಿಷಯ 7ನೇ ಭಾಗದಲ್ಲಿ ಹೇಳ್ತೀನಿ. ನೇರವಾಗಿ ಅಲ್ಲಿಗೆ ಹಾರಬೇಡಿ, ನಡುವಿನದು ಗೊತ್ತಿಲ್ಲದಿದ್ದರೆ ಅದು ಬರೀ ಗಾಸಿಪ್ ಆಗುತ್ತೆ.

ಭಾಗ 2/8: ಒಂದು ಕಾಫಿ ಪಾತ್ರೆ

1991. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬ್. ಅಲ್ಲಿ ಕೆಲಸ ಮಾಡೋರಿಗೆಲ್ಲ ಸೇರಿ ಒಂದೇ ಕಾಫಿ ಯಂತ್ರ, ಅದೂ 'ಟ್ರೋಜನ್ ರೂಮ್' ಅನ್ನೋ ಕೋಣೆ ಹತ್ತಿರ. ದೂರದ ಕೋಣೆಯವರು ಮೆಟ್ಟಿಲು ಹತ್ತಿ ಇಳಿದು ಬಂದು ನೋಡಿದರೆ ಪಾತ್ರೆ ಖಾಲಿ. ನಮ್ಮ ಹಾಸ್ಟೆಲ್‌ನಲ್ಲಿ ಬಿಸಿನೀರಿಗೆ ಬಕೆಟ್ ಹಿಡ್ಕೊಂಡು ಹೋದಾಗ ಆಗುತ್ತಲ್ಲ, ಅದೇ ಕಥೆ.

ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್‌ಕಿ ಅನ್ನೋ ಇಬ್ಬರು ಇದಕ್ಕೊಂದು ಉಪಾಯ ಮಾಡಿದರು. ಒಂದು ಕ್ಯಾಮೆರಾನ ಪಾತ್ರೆ ಕಡೆ ತಿರುಗಿಸಿಟ್ಟು, ಅದರ ಚಿತ್ರ ಎಲ್ಲರ ಕಂಪ್ಯೂಟರಿನ ಮೂಲೆಯಲ್ಲಿ ಕಾಣೋ ಹಾಗೆ ಪ್ರೋಗ್ರಾಂ ಬರೆದರು. ಚಿತ್ರ ಕಪ್ಪು ಬಿಳುಪು, ಅಗಲ 128 ಚುಕ್ಕಿ, ಎತ್ತರ 128 ಚುಕ್ಕಿ. ನಿಮಿಷಕ್ಕೆ ಸುಮಾರು ಮೂರು ಸಲ ಬದಲಾಗ್ತಿತ್ತು. ಪಾತ್ರೆ ತುಂಬೋದೇ ನಿಧಾನ, ಹಾಗಾಗಿ ಅಷ್ಟು ಸಾಕಾಗಿತ್ತು.

1993ರಲ್ಲಿ ಅದೇ ಚಿತ್ರವನ್ನ ವೆಬ್‌ಗೆ ಜೋಡಿಸಿದರು. ಅಲ್ಲಿಂದ ಆಟ ಬದಲಾಯ್ತು. ಆ ಕಾಫಿ ಕುಡಿಯೋಕೆ ಸಾಧ್ಯವೇ ಇಲ್ಲದ ಬೇರೆ ಬೇರೆ ದೇಶದ ಜನ ಆ ಪಾತ್ರೆಯನ್ನ ನೋಡೋಕೆ ಶುರು ಮಾಡಿದರು. ಲಕ್ಷಗಟ್ಟಲೆ ಜನ! 2001ರ ಆಗಸ್ಟ್ 22ರಂದು ಆ ಕ್ಯಾಮೆರಾ ಆಫ್ ಮಾಡಿದರು. ಕೆಟ್ಟುಹೋಗಿದ್ದ ಯಂತ್ರ ಹರಾಜಿನಲ್ಲಿ 3,350 ಪೌಂಡಿಗೆ ಹೋಯ್ತು.

ಬಿಕಾಂ ಹುಡುಗನಾಗಿ ನನಗೆ ಇಲ್ಲಿ ಕುತೂಹಲ ಅನಿಸಿದ್ದು ಇಷ್ಟು. ಕಾಫಿಗೆ ಒಂದು ಬೆಲೆ ಇದೆ, ಸರಿ. ಆದರೆ "ಈಗ, ಈ ಕ್ಷಣ ಅಲ್ಲಿ ಏನಾಗ್ತಿದೆ" ಅಂತ ನೋಡೋದಕ್ಕೂ ಒಂದು ಬೇಡಿಕೆ ಇದೆ ಅಂತ ಜಗತ್ತಿಗೆ ಗೊತ್ತಾಗಿದ್ದು ಅವಾಗ. ಬೇಡಿಕೆ ಕಂಡ ಕಡೆ ಪೂರೈಕೆ ಬರದೇ ಇರುತ್ತಾ?

ಭಾಗ 3/8: ನನ್ನ ವಯಸ್ಸಿನ ಒಬ್ಬ ಹುಡುಗಿ

1994ರಲ್ಲಿ 'ಕ್ವಿಕ್‌ಕ್ಯಾಮ್' ಅಂತ ಒಂದು ಪುಟ್ಟ ಕ್ಯಾಮೆರಾ ಅಮೆರಿಕದ ಅಂಗಡಿಗಳಿಗೆ ಬಂತು. ಚೆಂಡಿನ ಆಕಾರ, ಕಪ್ಪು ಬಿಳುಪು ಚಿತ್ರ, ಬೆಲೆ ಸುಮಾರು ನೂರು ಡಾಲರ್. ಅಲ್ಲಿಯವರೆಗೆ ಲ್ಯಾಬಿನಲ್ಲಿದ್ದ ಕಿಂಡಿ ಅವತ್ತಿಂದ ಮನೆಯೊಳಗೆ ಬಂತು.

1996ರ ಏಪ್ರಿಲ್. ಪೆನ್ಸಿಲ್ವೇನಿಯಾದ ಡಿಕಿನ್ಸನ್ ಕಾಲೇಜಿನ ಜೆನ್ನಿಫರ್ ರಿಂಗ್ಲಿ ಅನ್ನೋ ವಿದ್ಯಾರ್ಥಿನಿ ತನ್ನ ಹಾಸ್ಟೆಲ್ ರೂಮಿನಲ್ಲಿ ಇಂಥ ಕ್ಯಾಮೆರಾ ಇಟ್ಟಳು. ಮೂರು ನಿಮಿಷಕ್ಕೊಂದು ಚಿತ್ರ ತಾನಾಗಿಯೇ ವೆಬ್‌ಸೈಟಿಗೆ ಹೋಗ್ತಿತ್ತು. ಹೆಸರು 'ಜೆನ್ನಿಕ್ಯಾಮ್'. ಓದೋದು, ಬಟ್ಟೆ ಮಡಚೋದು, ನಿದ್ದೆ, ಒಮ್ಮೊಮ್ಮೆ ಖಾಲಿ ಕುರ್ಚಿ. ಖಾಸಗಿ ಕ್ಷಣಗಳನ್ನೂ ಆಕೆ ಮುಚ್ಚಿಡಲಿಲ್ಲ. ಶುರು ಮಾಡಿದಾಗ ಆಕೆಗೆ 19 ವರ್ಷ. ನನಗಿಂತ ಒಂದು ವರ್ಷ ಚಿಕ್ಕವಳು.

ಖಾಲಿ ಕುರ್ಚಿಯನ್ನೂ ಜನ ನೋಡ್ತಿದ್ದರು! ನೋಡೋರು ಹೆಚ್ಚಾದ ಹಾಗೆ ಸೈಟ್ ನಡೆಸೋ ಖರ್ಚೂ ಹೆಚ್ಚಾಯ್ತು. ಆಗ ಆಕೆ ಚಂದಾ ಶುರು ಮಾಡಿದಳು. ದುಡ್ಡು ಕೊಟ್ಟವರಿಗೆ ಚಿತ್ರ ಬೇಗ ಬೇಗ ಬದಲಾಗುತ್ತೆ, ಕೊಡದವರಿಗೆ ನಿಧಾನ. ಇಲ್ಲಿ ಮಾರಾಟ ಆಗ್ತಿದ್ದ ಸರಕು ಯಾವುದು ಅಂತ ಯೋಚಿಸಿ. ಎರಡು ಚಿತ್ರಗಳ ನಡುವಿನ ಕಾಯುವಿಕೆ ಕಡಿಮೆ ಆಗೋದು. ಅಂದರೆ 'ಲೈವ್' ಅನ್ನೋದೇ ಸರಕು.

2003ರ ಕೊನೇ ದಿನ ಆಕೆ ಕ್ಯಾಮೆರಾ ಆರಿಸಿಬಿಟ್ಟಳು. ಅಷ್ಟರಲ್ಲಿ ಬೇರೆಯವರು ಆ ಲೆಕ್ಕವನ್ನ ಚೆನ್ನಾಗಿ ಕಲಿತಿದ್ದರು. ನಿಮಿಷದ ಲೆಕ್ಕದಲ್ಲಿ ದುಡ್ಡು ತಗೊಂಡು, ಕ್ಯಾಮೆರಾ ಮುಂದೆ ಕೂತವರ ಜೊತೆ ಚಾಟ್ ಮಾಡಿಸೋ ದೊಡ್ಡವರ ಸೈಟುಗಳು ಹುಟ್ಟಿದವು. ಜೆನ್ನಿ ತನ್ನ ಸೈಟಿಗೆ ತಾನೇ ಒಡತಿ. ಇವುಗಳಲ್ಲಿ ಕೂತವರು ಬೇರೆ, ಮಾಲೀಕರು ಬೇರೆ. ಬಂದ ದುಡ್ಡಿನಲ್ಲಿ ಒಳ್ಳೇ ಪಾಲು ಮಾಲೀಕರಿಗೆ. ಜಾತ್ರೆಯಲ್ಲಿ ಬಯೋಸ್ಕೋಪ್ ಪೆಟ್ಟಿಗೆ ಇರ್ತಿತ್ತಂತಲ್ಲ, ಕಾಸು ಹಾಕಿ ಕಣ್ಣಿಡೋದು? ಪೆಟ್ಟಿಗೆಯೊಳಗೆ ಇದ್ದಿದ್ದು ಚಿತ್ರ. ಇಲ್ಲಿ ಪೆಟ್ಟಿಗೆಯೊಳಗೆ ಮನುಷ್ಯರು.

ಭಾಗ 4/8: ನಾಲ್ಕೂವರೆ ಅಡಿ ಎತ್ತರದ ಗೋಡೆ

ಈಗ ನಮ್ಮ ಕಡೆ ಬರೋಣ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಮೇಲೆ ಊರೂರಿಗೆ ಸೈಬರ್ ಕೆಫೆ ಬಂದವು. ನಮ್ಮ ಅಪ್ಪನ ವಯಸ್ಸಿನವರನ್ನ ಕೇಳಿ ನೋಡಿ, ದುರ್ಗದ ಬಿ.ಡಿ. ರಸ್ತೆ ಕಡೆ, ಹಿರಿಯೂರಿನ ಬಸ್ ಸ್ಟ್ಯಾಂಡ್ ಆಸುಪಾಸು ಇದ್ದ ಸೈಬರ್‌ಗಳ ಬಗ್ಗೆ ಹೇಳ್ತಾರೆ. ಪ್ಲೈವುಡ್ ಕ್ಯಾಬಿನ್, ಹಸಿರು ಪರದೆ, ಗಂಟೆಗಿಷ್ಟು ಅಂತ ಬಾಡಿಗೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಮಾತ್ರ ಕಾಲಿಡೋಕೆ ಜಾಗ ಇರ್ತಿರಲಿಲ್ಲ.

ಉಳಿದ ದಿನ ಏನು ನಡೀತಿತ್ತು? ಹೆಚ್ಚಾಗಿ ಯಾಹೂ ಚಾಟ್. ಅಪರಿಚಿತರು ಬಂದ ತಕ್ಷಣ ಕೇಳೋ ಮೊದಲ ಪ್ರಶ್ನೆ "ಎಎಸ್‌ಎಲ್?" ವಯಸ್ಸು, ಗಂಡೋ ಹೆಣ್ಣೋ, ಯಾವ ಊರು. ದುರ್ಗದಲ್ಲಿ ಕೂತವರು 'ಬೆಂಗಳೂರು' ಅಂತ ಟೈಪ್ ಮಾಡ್ತಿದ್ದರಂತೆ! ಕೆಲವು ಕಂಪ್ಯೂಟರಿಗೆ ವೆಬ್‌ಕ್ಯಾಮ್ ಇರ್ತಿತ್ತು. ಆದರೆ ವೇಗ? 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸರ್ಕಾರ 'ಬ್ರಾಡ್‌ಬ್ಯಾಂಡ್' ಅಂತ ಕರೆದಿದ್ದೇ 256 ಕೆಬಿಪಿಎಸ್ ವೇಗಕ್ಕೆ. ಸೆಕೆಂಡಿಗೆ 32 ಕಿಲೋಬೈಟ್. ಈಗ ನೀವು ನೋಡ್ತಿರೋ ಈ ಒಂದು ಫೋಟೋ ಇಳಿಯೋಕೆ ಎಷ್ಟು ಹೊತ್ತು ಬೇಕಿತ್ತು ಲೆಕ್ಕ ಹಾಕಿ. ವಿಡಿಯೋದಲ್ಲಿ ಮುಖ ಕಾಣ್ತಿರಲಿಲ್ಲ, ಚೌಕ ಚೌಕ ಕಾಣ್ತಿತ್ತು.

ಆ ಪ್ಲೈವುಡ್ ಕ್ಯಾಬಿನ್ ಬಗ್ಗೆ ಕಾನೂನೇ ಬಂತು ಗೊತ್ತಾ? 2011ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆ ನಿಯಮ ಹೊರಡಿಸಿತು. ಬಂದವರ ಗುರುತಿನ ಚೀಟಿ ನೋಡಬೇಕು. ರಿಜಿಸ್ಟರ್‌ನಲ್ಲಿ ಬರೆದು ಒಂದು ವರ್ಷ ಇಟ್ಟುಕೊಳ್ಳಬೇಕು. ಕ್ಯಾಬಿನ್ ಗೋಡೆ ನೆಲದಿಂದ ನಾಲ್ಕೂವರೆ ಅಡಿ ಮೀರಬಾರದು. ಕ್ಯಾಬಿನ್ ಇಲ್ಲದ ಕಡೆ ಸ್ಕ್ರೀನ್ ಎಲ್ಲರಿಗೂ ಕಾಣೋ ಹಾಗೆ ತಿರುಗಿರಬೇಕು.

ನಾಲ್ಕೂವರೆ ಅಡಿ ಅಂದರೆ ಒಳಗೆ ಕೂತವನ ತಲೆ ಮೇಲಿಂದ ಹೊರಗೆ ನಿಂತವನು ನೋಡಬಹುದಾದ ಎತ್ತರ. ಆ ಲೆಕ್ಕ ನನಗೆ ಮೊದಲು ತಮಾಷೆ ಅನಿಸಿತ್ತು. ಆಮೇಲೆ ಅನಿಸಿದ್ದು, ಆ ಕಾಲದಲ್ಲಿ ಹುಡುಗನೊಬ್ಬ ಏನೇ ಎಡವಟ್ಟು ಮಾಡಿಕೊಂಡರೂ ಪಕ್ಕದಲ್ಲಿ ಯಾರೋ ಒಬ್ಬರು ಇರ್ತಿದ್ದರು. ಕೊನೇಪಕ್ಷ "ಟೈಮ್ ಆಯ್ತು ಎದ್ದೇಳಪ್ಪ" ಅನ್ನೋಕೆ ಸೈಬರ್ ಅಣ್ಣ ಇದ್ದ.

ಭಾಗ 5/8: ಅಜ್ಜಿ ಸೆರಗು ಹೊದ್ದಿದ್ದು

ಈ ಭಾಗಕ್ಕೆ ಹಾಕಿರೋದು ನಮ್ಮಜ್ಜಿಯ ಕೈ. ಮುಖ ಬೇಡ ಅಂದಳು.

2009ರಲ್ಲಿ ನಾನಿನ್ನೂ ನಾಲ್ಕು ವರ್ಷದವನು, ಇದು ಅಮ್ಮ ಹೇಳಿದ್ದು. ಅಜ್ಜಿಯ ಊರು ಹೊಸದುರ್ಗ ತಾಲ್ಲೂಕು. ಚಿಕ್ಕಮ್ಮ ಮದುವೆಯಾಗಿ ಕುವೈತಿಗೆ ಹೋಗಿ ಎರಡು ವರ್ಷ ಆಗಿತ್ತು. ಫೋನ್ ಮಾಡಿದರೆ ಅಜ್ಜಿ ಕೇಳ್ತಿದ್ದದ್ದು ಒಂದೇ: "ಸೊರಗಿದೀಯೇನೇ?" ದನಿಯಲ್ಲಿ ಅದು ಗೊತ್ತಾಗಲ್ಲ ನೋಡಿ.

ಅಮ್ಮ ಅಜ್ಜಿಯನ್ನ ಬಸ್ಸಿನಲ್ಲಿ ಹೊಸದುರ್ಗಕ್ಕೆ ಕರ್ಕೊಂಡು ಬಂದು ಒಂದು ಸೈಬರ್‌ನಲ್ಲಿ ಕೂರಿಸಿದಳು. ಸ್ಕೈಪ್ ಶುರುವಾಗಿದ್ದು 2003ರಲ್ಲಿ, ಅದಕ್ಕೆ ವಿಡಿಯೋ ಸೇರಿದ್ದು 2006ರಲ್ಲಿ. ನಮ್ಮ ಅಜ್ಜಿ ತನಕ ಬರೋಕೆ ಇನ್ನೂ ಮೂರು ವರ್ಷ ಹಿಡೀತು. ಚಿತ್ರ ಬಂತು. ಚಿಕ್ಕಮ್ಮನ ಪಕ್ಕದಲ್ಲಿ ಚಿಕ್ಕಪ್ಪನೂ ಕೂತಿದ್ದರು. ಅಜ್ಜಿ ತಟ್ಟನೆ ಎದ್ದು ನಿಂತು ತಲೆ ಮೇಲೆ ಸೆರಗು ಎಳೆದುಕೊಂಡಳು.

ಸೈಬರ್ ಹುಡುಗ ನಕ್ಕು, "ಅಜ್ಜಿ, ಅವರು ಕುವೈತಲ್ಲಿದಾರೆ, ಕೂತ್ಕಳಿ" ಅಂದನಂತೆ.

ಅದಕ್ಕೆ ಅಜ್ಜಿ: "ಎಲ್ಲಾದ್ರೂ ಇರ್ಲಿ ಬಿಡಪ್ಪ. ನಾನು ಅವರ್ನ ನೋಡ್ತೀನಿ ಅಂದಮೇಲೆ ಅವರೂ ನನ್ನ ನೋಡ್ತಾರಲ್ಲ. ಅಳಿಯಂದ್ರು ಮುಂದೆ ಹೆಂಗೆ ಬೇಕೋ ಹಂಗೆ ಕೂರಕಾಗ್ತೈತಾ?"

ಮಾತು ಮೊದಲು ಬರ್ತಿತ್ತಂತೆ, ತುಟಿ ಆಮೇಲೆ ಅಲುಗ್ತಿತ್ತಂತೆ. ಆದರೂ ಅಜ್ಜಿ ವಾಪಸ್ ಬಸ್ಸಿನಲ್ಲಿ ಅಕ್ಕಪಕ್ಕದವರಿಗೆಲ್ಲ "ಸೊರಗಿಲ್ಲ, ಮೈ ಕೈ ತುಂಬ್ಕಂಡವ್ಳೆ" ಅಂತ ಹೇಳಿದ್ದೇ ಹೇಳಿದ್ದು.

ಆ ಸ್ಕೈಪ್ 2025ರ ಮೇ 5ರಂದು ಮುಚ್ಚಿಹೋಯ್ತು. ಸುದ್ದಿ ಓದಿದಾಗ ಅಜ್ಜಿಯ ಮಾತು ನೆನಪಾಯ್ತು. ಅದನ್ನ ಸ್ವಲ್ಪ ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತೆ.

ಭಾಗ 6/8: ಎಲ್ಲರ ಕೈಗೂ ಬಂತು

2016ರ ಸೆಪ್ಟೆಂಬರ್ 5. ಜಿಯೋ. ಮುಂದಿನ ಮಾರ್ಚ್ ಮುಗಿಯೋ ತನಕ ಡೇಟಾ ಪುಕ್ಕಟೆ. ಅದೇ ವರ್ಷ ಫೇಸ್‌ಬುಕ್ ಲೈವ್ ಎಲ್ಲರಿಗೂ ತೆರೀತು, ವರ್ಷದ ಕೊನೆಗೆ ಇನ್‌ಸ್ಟಾಗ್ರಾಂನಲ್ಲೂ ಲೈವ್ ಬಂತು. ಸೈಬರ್‌ಗಳು ಜೆರಾಕ್ಸ್ ಅಂಗಡಿಗಳಾದವು. ನಾಲ್ಕೂವರೆ ಅಡಿ ಗೋಡೆಯ ನಿಯಮ ಪುಸ್ತಕದಲ್ಲಿ ಉಳೀತು, ಸ್ಕ್ರೀನ್ ಮಾತ್ರ ಹೊದಿಕೆಯೊಳಗೆ ಬಂತು.

ಇದರಿಂದ ಒಳ್ಳೇದು ಆಗಿಲ್ವಾ? ಆಗಿದೆ, ನಾನೇ ಸಾಕ್ಷಿ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, ಹಿಂದೆ ಕೋಡಿ ಬಿದ್ದಿದ್ದು 1933ರಲ್ಲಿ. 89 ವರ್ಷ! ಹಿರಿಯೂರಿನ ಅರ್ಧ ಊರು ಅಲ್ಲೇ ಇತ್ತು, ಹೋಗೋಕಾಗದವರು ಫೋನಿನಲ್ಲಿ ಲೈವ್ ನೋಡಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯೋದನ್ನ ಇಸ್ರೋದ ಯೂಟ್ಯೂಬ್ ಲೈವ್‌ನಲ್ಲಿ ಒಂದೇ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಕರ್ನಾಟಕ ಹೈಕೋರ್ಟ್ 2021ರ ಮೇ 31ರಂದು ಮೊದಲ ಸಲ ಕಲಾಪವನ್ನ ಲೈವ್ ತೋರಿಸಿತು.

ಅದೇ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ, ನಮ್ಮ ತಾತ ತೀರಿಕೊಂಡರು. ಚಿಕ್ಕಮ್ಮನಿಗೆ ವಿಮಾನ ಇಲ್ಲ. ತೋಟದಲ್ಲಿ ಮಣ್ಣು ಮಾಡೋವಾಗ ನಾನು ನಲವತ್ತು ನಿಮಿಷ ಫೋನ್ ಹಿಡಿದು ನಿಂತಿದ್ದೆ. ಕೈ ನೋಯ್ತಿತ್ತು, ಇಳಿಸೋಕೆ ಮನಸ್ಸು ಬರಲಿಲ್ಲ.

ಕೆಟ್ಟದ್ದೂ ಅದೇ ಕಿಂಡಿಯಲ್ಲಿ ಬಂತು. 2023ರ ಡಿಸೆಂಬರ್‌ನಲ್ಲಿ ಯಾರೋ ಕಿಡಿಗೇಡಿಗಳು ಹೈಕೋರ್ಟಿನ ವಿಡಿಯೋ ಕಾನ್ಫರೆನ್ಸ್‌ಗೆ ನುಗ್ಗಿ ಅಶ್ಲೀಲ ದೃಶ್ಯ ಹಾಕಿದರು. ಕೋರ್ಟು ಲೈವನ್ನೂ ವಿಡಿಯೋ ಕಾನ್ಫರೆನ್ಸನ್ನೂ ಕೆಲಕಾಲ ನಿಲ್ಲಿಸಬೇಕಾಯ್ತು. ಅದಕ್ಕೆ ಒಂದು ತಿಂಗಳ ಮುಂಚೆ 'ಒಮೆಗಲ್' ಮುಚ್ಚಿತ್ತು. 2009ರಲ್ಲಿ 18 ವರ್ಷದ ಹುಡುಗ ಲೀಫ್ ಕೆ-ಬ್ರೂಕ್ಸ್ ಶುರು ಮಾಡಿದ್ದು, ಅಪರಿಚಿತರಿಬ್ಬರನ್ನ ವಿಡಿಯೋದಲ್ಲಿ ಎದುರುಬದುರು ಕೂರಿಸೋ ಸೈಟ್. ಅಲ್ಲಿ ಚಿಕ್ಕ ಹುಡುಗಿಯಾಗಿದ್ದಾಗ ಒಬ್ಬ ದುಷ್ಟನ ಕೈಗೆ ಸಿಕ್ಕವಳು ದೊಡ್ಡವಳಾದ ಮೇಲೆ ಹಾಕಿದ ಕೇಸೇ ಅದರ ಬಾಗಿಲು ಮುಚ್ಚಿಸಿತು.

ಭಾಗ 7/8: ನನ್ನ ಗೆಳೆಯ

ಇದನ್ನ ಅವನಿಗೆ ಓದಿಸಿ, ಅವನು ಹೂಂ ಅಂದ ಮೇಲೇ ಹಾಕ್ತಿದ್ದೀನಿ. ಗುರುತು ಸಿಗೋ ವಿವರ ಬದಲಿಸಿದ್ದೀನಿ. ಹೊಳಲ್ಕೆರೆ ಕಡೆಯವನು, ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ ಅಂತ ಇಟ್ಟುಕೊಳ್ಳಿ.

ಒಂದು ಆ್ಯಪ್‌ನಲ್ಲಿ ಒಬ್ಬಳು ಹುಡುಗಿಯ ಹೆಸರಿನಿಂದ ರಿಕ್ವೆಸ್ಟ್ ಬಂತು. ಎರಡು ದಿನ ಮಾತು. ಮೂರನೇ ರಾತ್ರಿ ಹನ್ನೊಂದೂವರೆಗೆ ವಿಡಿಯೋ ಕಾಲ್. ಆ ಕಡೆ ಹುಡುಗಿ ಬಟ್ಟೆ ತೆಗೀತಾಳೆ, ಇವನಿಗೂ ತೆಗಿ ಅಂತಾಳೆ. ಒಂದೂವರೆ ನಿಮಿಷ. ಕಾಲ್ ಕಟ್. ಐದು ನಿಮಿಷಕ್ಕೆ ಅವನದೇ ವಿಡಿಯೋ ಅವನಿಗೇ ಬಂತು, ಜೊತೆಗೆ ಅವನ ಫಾಲೋವರ್ಸ್ ಪಟ್ಟಿಯ ಸ್ಕ್ರೀನ್‌ಶಾಟ್. "ಹತ್ತು ಸಾವಿರ ಹಾಕು." ಹಾಕಿದ. ಬೆಳಗ್ಗೆ ಇನ್ನೊಬ್ಬ ಫೋನ್ ಮಾಡಿ ತಾನು ಪೊಲೀಸ್ ಅಧಿಕಾರಿ, ವಿಡಿಯೋ ಡಿಲೀಟ್ ಮಾಡಿಸೋಕೆ ಇಷ್ಟು ಕಟ್ಟು ಅಂದ. ಅದನ್ನೂ ಹಾಕಿದ. ಒಟ್ಟು 18,500. ಅದು ಫೀಸಿಗೆ ಅಂತ ಅಪ್ಪ ಕಳಿಸಿದ್ದ ದುಡ್ಡು. ಮೂರನೇ ಸಲ ಕೊಡೋಕೆ ಇರಲಿಲ್ಲ.

ಆಗ ಅವರು ವಿಡಿಯೋನ ಆರು ಜನಕ್ಕೆ ಕಳಿಸಿದರು. ಆ ಆರು ಜನರಲ್ಲಿ ನಾನೊಬ್ಬ.

ನಾನು ತೆರೆದೆ. ಏನು ಅಂತ ಮೊದಲ ಸೆಕೆಂಡಿಗೇ ಗೊತ್ತಾಯ್ತು. ತಕ್ಷಣ ಮುಚ್ಚಬಹುದಿತ್ತು. ನಾನು ಇನ್ನೂ ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಡಿಲೀಟ್ ಮಾಡಿದೆ, ಅವನಿಗೆ ಏನು ಹೇಳಬೇಕು ಅಂತ ತಿಳೀದೆ ಎರಡು ದಿನ ಮೆಸೇಜೇ ಮಾಡಲಿಲ್ಲ. ಆ ಎರಡು ದಿನ ಅವನು ರೂಮಿನಿಂದ ಹೊರಗೆ ಬಂದಿರಲಿಲ್ಲ, ಊಟ ಮಾಡಿರಲಿಲ್ಲ. "ನೀನು ನೋಡಿದೀಯ ಅಂತ ಗೊತ್ತಿತ್ತು ಕಣೋ, ಸುಮ್ನಿದೀಯ ಅಂದ್ರೆ ನಗ್ತಿದೀಯ ಅನ್ಕೊಂಡೆ" ಅಂದ ಆಮೇಲೆ. ನಾನು ನಗ್ತಿರಲಿಲ್ಲ. ಆದರೆ ಅವನಿಗೆ ಅದು ಹೇಗೆ ಗೊತ್ತಾಗಬೇಕು?

ಒಂದು ವಿಷಯ ನಮಗೆ ಆಮೇಲೆ ತಿಳೀತು. ಇಂಥ ಕಾಲ್‌ಗಳಲ್ಲಿ ಆ ಕಡೆ ಕಾಣೋ ಹುಡುಗಿ ಸಾಮಾನ್ಯವಾಗಿ ಲೈವ್ ಇರೋದೇ ಇಲ್ಲ. ಮೊದಲೇ ರೆಕಾರ್ಡ್ ಆಗಿರೋ ವಿಡಿಯೋ ಓಡಿಸ್ತಾರೆ. ಎಲ್ಲಿಂದಲೋ ಕದ್ದಿದ್ದು, ಆ ಹುಡುಗಿ ಯಾರೋ, ಅವಳಿಗೂ ಇದು ಗೊತ್ತಿರಲಿಕ್ಕಿಲ್ಲ. ಅಂದರೆ ಆ ಇಡೀ ಕಾಲ್‌ನಲ್ಲಿ ಲೈವ್ ಇದ್ದವನು ನನ್ನ ಗೆಳೆಯ ಒಬ್ಬನೇ. ಅಜ್ಜಿ ಹೇಳಿದ್ದ "ನಾನು ನೋಡ್ತೀನಿ ಅಂದಮೇಲೆ ಅವರೂ ನೋಡ್ತಾರೆ" ಅನ್ನೋದರಲ್ಲಿ ಅರ್ಧ ಮಾತ್ರ ನಿಜವಾಗಿತ್ತು. ಅವರು ಇವನನ್ನ ನೋಡ್ತಿದ್ದರು. ಇವನು ಯಾರನ್ನೂ ನೋಡ್ತಿರಲಿಲ್ಲ.

ಭಾಗ 8/8: ಒನಕೆ ಎಲ್ಲಿದೆ

ಹಾಗಾದರೆ ಏನು ಮಾಡೋದು? ನಾವು ಮಾಡಿದ್ದನ್ನ ಹೇಳ್ತೀನಿ, ತಡವಾಗಿ ಮಾಡಿದ್ದು, ನೀವು ಬೇಗ ಮಾಡಿ.

ದುಡ್ಡು ಕೊಡಬೇಡಿ. ಒಂದು ಸಲ ಕೊಟ್ಟವನು ಎರಡನೇ ಸಲವೂ ಕೊಡ್ತಾನೆ ಅಂತ ಅವರಿಗೆ ಗೊತ್ತು. ಕೊಟ್ಟುಬಿಟ್ಟಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟು ದುಡ್ಡು ತಡೆಹಿಡಿಯೋ ಸಾಧ್ಯತೆ ಹೆಚ್ಚು. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್, ನಂಬರ್, ಯುಪಿಐ ವಿವರ ಎಲ್ಲ ಇಟ್ಟುಕೊಳ್ಳಿ. ಆಮೇಲೆ ಬ್ಲಾಕ್ ಮಾಡಿ. ದುರ್ಗದಲ್ಲಿ ಸೈಬರ್ ಅಪರಾಧಕ್ಕೆ ಅಂತಲೇ ಸಿಇಎನ್ ಪೊಲೀಸ್ ಠಾಣೆ ಇದೆ. ಯಾವ ನಿಜವಾದ ಪೊಲೀಸರೂ ವಿಡಿಯೋ ಡಿಲೀಟ್ ಮಾಡೋಕೆ ದುಡ್ಡು ಹಾಕು ಅಂತ ಫೋನ್ ಮಾಡಲ್ಲ.

ಕಾನೂನು ಯಾರ ಕಡೆ ಇದೆ ಅಂತ ತಿಳ್ಕೊಳ್ಳಿ. ಹೆದರಿಸಿ ದುಡ್ಡು ಕೀಳೋದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ. ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನ ಒಪ್ಪಿಗೆ ಇಲ್ಲದೆ ಸೆರೆಹಿಡಿಯೋದು, ಹಂಚೋದು ಐಟಿ ಕಾಯ್ದೆಯ 66ಇ ಪ್ರಕಾರ ಅಪರಾಧ. ಇನ್ನೊಂದು: ಇಂಥ ವಿಡಿಯೋ ನಿಮಗೆ ಬಂದು ನೀವು ಗ್ರೂಪಿಗೆ ತಳ್ಳಿದರೆ, ತಮಾಷೆಗೆ ಅಂತ ತಳ್ಳಿದರೂ, ನೀವೂ ಆರೋಪಿಯಾಗಬಹುದು.

ನನ್ನ ಗೆಳೆಯ ಮನೆಯಲ್ಲಿ ಹೇಳಿದ. ನಾನು ಜೊತೆಗೆ ಹೋಗಿದ್ದೆ. ಅವರಪ್ಪ ತುಂಬ ಹೊತ್ತು ಅಂಗಳದಲ್ಲಿ ಅಡಿಕೆ ಹರವುತ್ತಾ ಮಾತಾಡಲಿಲ್ಲ. ಆಮೇಲೆ "ದುಡ್ಡು ಹೋಗ್ಲಿ, ನೀನು ಉಣ್ಣು ಮೊದಲು" ಅಂದರು. ದೂರು ಕೊಟ್ಟಿದ್ದೀವಿ. ದುಡ್ಡು ಇನ್ನೂ ಬಂದಿಲ್ಲ. ಅವನು ಕ್ಲಾಸಿಗೆ ಬರ್ತಿದ್ದಾನೆ.

ಮೂವತ್ತು ವರ್ಷದ ಈ ಇತಿಹಾಸ ಓದಿ ನನಗನಿಸಿದ್ದು, ಕ್ಯಾಮೆರಾ ಬದಲಾಗಿದೆ, ವೇಗ ಬದಲಾಗಿದೆ, ಆದರೆ ಕಾಫಿ ಪಾತ್ರೆಯಿಂದ ಇಲ್ಲಿಯವರೆಗೂ ಎಲ್ಲ ನಿಂತಿರೋದು ನೋಡೋರ ಮೇಲೆ. ನೋಡೋರು ಅಂದರೆ ನಾವು. ಆ ಆರು ಜನ. ಓಬವ್ವ ಕಿಂಡಿಯಲ್ಲಿ ಇಣುಕಿದಳು, ಸರಿ. ಆದರೆ ನೋಡ್ತಾ ನಿಲ್ಲಲಿಲ್ಲ. ಎರಡು ದಿನ ಯೋಚನೆ ಮಾಡಲಿಲ್ಲ.

ನಿಮಗೆ ಇಂಥದ್ದೊಂದು ಬಂದರೆ ತೆರೀಬೇಡಿ. ತೆರೆದಿದ್ದರೆ ಮುಚ್ಚಿ. ಮುಚ್ಚಿದ ತಕ್ಷಣ ಆ ಮನುಷ್ಯನಿಗೆ ಫೋನ್ ಮಾಡಿ "ಊಟ ಆಯ್ತಾ?" ಅಂತ ಕೇಳಿ. ನಾನು ಕೇಳಬೇಕಿದ್ದದ್ದು ಅಷ್ಟೇ.

ಸೇವ್ ಮಾಡ್ಕೊಳ್ಳಿ, ತಮ್ಮ ತಂಗಿಯರಿಗೆ ಕಳಿಸಿ. ಸೆಮಿಸ್ಟರ್ ಪರೀಕ್ಷೆ ಇದೆ, ಮುಂದಿನ ಸರಣಿ ಅದಾದ ಮೇಲೆ: ಹೊಳಲ್ಕೆರೆಯ ಬಯಲು ಗಣಪತಿ.

#ಚಿತ್ರದುರ್ಗ #ಹಿರಿಯೂರು #ಹೊಸದುರ್ಗ #ಹೊಳಲ್ಕೆರೆ #ದುರ್ಗದಕಥೆಗಳು #ಓಬವ್ವನಕಿಂಡಿ